ಆಟದ ಬೆಳಕು, ಆಟದ ಭಾರ: ಹೊಸ ತಂತ್ರಜ್ಞಾನದ ವಿಡಿಯೋ ಗೇಮ್‌ಗಳನ್ನು ಪರೀಕ್ಷಿಸಿ ಆಡುವ ಬಗೆ

ಹೊಸ ಗ್ರಾಫಿಕ್ಸ್ ಕಾರ್ಡ್ ಕೊಂಡವರು ಸಾಮಾನ್ಯವಾಗಿ ಹೆಸರಾದ ಒಂದು ದೊಡ್ಡ ಆಟವನ್ನು ಡೌನ್‌ಲೋಡ್ ಮಾಡಿಕೊಳ್ಳುತ್ತಾರೆ, ಸೆಟ್ಟಿಂಗ್ಸ್‌ನಲ್ಲಿರುವ ಎಲ್ಲವನ್ನೂ ‘ಅಲ್ಟ್ರಾ’ಗೆ ಏರಿಸುತ್ತಾರೆ, ಸ್ವಲ್ಪ ಹೊತ್ತು ಸುತ್ತಾಡಿ ಚೆನ್ನಾಗಿದೆ ಎಂದು ಹೇಳಿ ಮುಚ್ಚಿಡುತ್ತಾರೆ. ಆ ಚೆಂದದಲ್ಲಿ ಕಲಾವಿದನ ಕೈಚಳಕ ಎಷ್ಟು, ಯಂತ್ರದ ಲೆಕ್ಕಾಚಾರ ಎಷ್ಟು ಎಂಬುದು ಈ ಕ್ರಮದಲ್ಲಿ ತಿಳಿಯುವುದಿಲ್ಲ. ನಿಂತ ಚಿತ್ರವೊಂದನ್ನು ಅಂದವಾಗಿ ತೋರಿಸುವುದು ಹಳೆಯ ವಿದ್ಯೆ. ಆಟಗಾರ ಯಾರೂ ಎಣಿಸದ ಕಡೆಗೆ ದೀಪ ಹಿಡಿದಾಗ, ಎಣಿಸದ ಗೋಡೆಯನ್ನು ಒಡೆದಾಗಲೂ ಬೆಳಕು ಮತ್ತು ವಸ್ತುಗಳು ಸರಿಯಾಗಿ ವರ್ತಿಸುವುದೇ ಹೊಸ ವಿದ್ಯೆ. ಆದ್ದರಿಂದ ಇಂಥ ಆಟಗಳನ್ನು ನೋಡುವುದಕ್ಕಿಂತ ಕೆಣಕುವುದು ಮೇಲು. ಹೇಗೆ ಕೆಣಕಬೇಕು, ಯಾವ ಆಟದಲ್ಲಿ ಯಾವುದನ್ನು ಹುಡುಕಬೇಕು, ಅದಕ್ಕೆ ಯಂತ್ರ ಎಂಥದ್ದಿರಬೇಕು ಎಂಬುದನ್ನು ಬೆಂಗಳೂರಿನ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ವಿವರಿಸಲಾಗಿದೆ.

ಒಂದು ಲೆಕ್ಕವನ್ನು ಮಾತ್ರ ಮೊದಲೇ ತಿಳಿದಿರಬೇಕು. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಬಿಡಿ ಚಿತ್ರಗಳು, ಬೇಕೆಂದರೆ ಒಂದೊಂದು ಫ್ರೇಮಿಗೂ ಸಿಗುವುದು ಸುಮಾರು 16.7 ಮಿಲಿಸೆಕೆಂಡ್; 30 ಫ್ರೇಮ್ ಸಾಕೆಂದರೆ 33.3. ಬೆಳಕು, ನೆರಳು, ಬೀಳುವ ಕಲ್ಲು, ಶತ್ರುಗಳ ಚಲನೆ, ಸದ್ದು ಎಲ್ಲದರ ಲೆಕ್ಕವೂ ಆ ಅವಧಿಯೊಳಗೆ ಮುಗಿಯಬೇಕು. ಯಾವ ಆಟವೂ ಎಲ್ಲವನ್ನೂ ನಿಜವಾಗಿ ಲೆಕ್ಕ ಹಾಕುವುದಿಲ್ಲ. ಯಾವುದನ್ನು ಲೆಕ್ಕ ಹಾಕಬೇಕು, ಯಾವುದನ್ನು ನಟಿಸಿ ತೋರಿಸಬೇಕು ಎಂಬ ಆಯ್ಕೆಯಲ್ಲೇ ಆಟ ಕಟ್ಟುವವರ ಜಾಣತನ ಇರುತ್ತದೆ.

ಬೆಳಕನ್ನು ಪರೀಕ್ಷಿಸುವುದು

ಆಟದ ಬೆಳಕನ್ನು ಅಳೆಯುವ ಮೊದಲು ನಿಜವಾದ ಬೆಳಕನ್ನು ಒಮ್ಮೆ ಗಮನವಿಟ್ಟು ನೋಡಿಕೊಳ್ಳಬೇಕು, ಮತ್ತು ಅದಕ್ಕೆ ಬೆಂಗಳೂರಿನಲ್ಲಿ ಕಾಸು ಖರ್ಚಿಲ್ಲ. ಬಿಸಿಲೇರಿದ ಬೆಳಿಗ್ಗೆ ಕಬ್ಬನ್ ಪಾರ್ಕಿನ ಮರಗಳ ಕೆಳಗೆ ನಿಂತರೆ, ಎಲೆಗಳ ಸಂದಿಯ ಆಕಾರ ಹೇಗೇ ಇದ್ದರೂ ನೆಲದ ಮೇಲೆ ಬೀಳುವ ಚುಕ್ಕೆಗಳು ದುಂಡಗೆ ಇರುವುದು ಕಾಣುತ್ತದೆ. ಅವು ಸೂರ್ಯನ ಬಿಂಬಗಳೇ. ದೀಪದ ಕಂಬದ ನೆರಳು ಬುಡದ ಹತ್ತಿರ ಚೂಪಾಗಿದ್ದು, ತುದಿಯ ಕಡೆಗೆ ಸಾಗಿದಂತೆ ಅಂಚು ಮಸುಕಾಗುತ್ತದೆ. ಮಳೆ ನಿಂತ ಸಂಜೆ ಎಂ.ಜಿ. ರಸ್ತೆಯಲ್ಲಿ ವಾಹನಗಳ ಕೆಂಪು ದೀಪಗಳು ಒದ್ದೆ ಟಾರಿನ ಮೇಲೆ ನಮ್ಮ ಕಡೆಗೆ ಉದ್ದವಾಗಿ ಎಳೆದುಕೊಂಡಿರುತ್ತವೆ, ನೀರು ನಿಂತ ಗುಂಡಿಯಲ್ಲಿ ಮಾತ್ರ ಸ್ಪಷ್ಟವಾಗಿ ಮೂಡುತ್ತವೆ. ಕಾಲ ಬುಡದ ನೀರನ್ನು ನೇರವಾಗಿ ಕೆಳಗೆ ನೋಡಿದರೆ ಪ್ರತಿಬಿಂಬ ತೆಳು. ದೂರದ ನೀರನ್ನು ಓರೆಯಾಗಿ ನೋಡಿದರೆ ಗಾಢ. ಇಷ್ಟು ಕಣ್ಣಿಗೆ ರೂಢಿಯಾದರೆ ಆಟದಲ್ಲಿ ಯಾವುದು ಸರಿ, ಯಾವುದು ಸೋಗು ಎಂಬುದು ಬೇಗ ಗೊತ್ತಾಗುತ್ತದೆ. ಬೆಂಗಳೂರಿನ ಗುಂಡಿಗಳಿಂದ ಆಗುವ ಒಂದೇ ಉಪಕಾರ ಇದಿರಬಹುದು.

ಮೊದಲ ಪರೀಕ್ಷೆ ಪ್ರತಿಬಿಂಬದ್ದು. 2020ರ ಡಿಸೆಂಬರಿನಲ್ಲಿ ಬಂದ ‘ಸೈಬರ್‌ಪಂಕ್ 2077’ರಲ್ಲಿ ರಾತ್ರಿ ಮಳೆಯ ಬೀದಿಗೆ ಹೋಗಿ, ನಿಯಾನ್ ಫಲಕವೊಂದು ನೀರಿನಲ್ಲಿ ಮೂಡುವ ಜಾಗದಲ್ಲಿ ನಿಲ್ಲಬೇಕು. ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿಯನ್ನು ಹಿಂಬಾಲಿಸಿ ಲೆಕ್ಕ ಹಾಕುವ ವಿಧಾನ) ಅನ್ನು ನಿಲ್ಲಿಸಿ, ನಿಧಾನವಾಗಿ ಕ್ಯಾಮೆರಾವನ್ನು ಕೆಳಗೆ ಬಾಗಿಸುತ್ತಾ ಬಂದರೆ, ಫಲಕ ಪರದೆಯ ಮೇಲಂಚಿನಿಂದ ಮರೆಯಾಗುತ್ತಿದ್ದಂತೆ ನೀರಿನಲ್ಲಿರುವ ಅದರ ಬಿಂಬವೂ ಕರಗಿಹೋಗುತ್ತದೆ. ಪರದೆಯ ಮೇಲೆ ಆಗಲೇ ಮೂಡಿರುವ ಚಿತ್ರವನ್ನೇ ಮಡಚಿ ಪ್ರತಿಬಿಂಬವೆಂದು ತೋರಿಸುವ ಹಳೆಯ ಉಪಾಯದ ಗುರುತು ಇದು; ಪರದೆಯಲ್ಲಿ ಇಲ್ಲದ್ದನ್ನು ಅದು ತೋರಿಸಲಾರದು. ರೇ ಟ್ರೇಸಿಂಗ್ ಹಚ್ಚಿ ಅದೇ ಜಾಗದಲ್ಲಿ ಅದೇ ರೀತಿ ಬಾಗಿಸಿದರೆ ಬಿಂಬ ನಿಲ್ಲುತ್ತದೆ, ಏಕೆಂದರೆ ಈಗ ನೀರಿನ ಮೇಲ್ಮೈಯಿಂದ ಹೊರಟ ಕಿರಣವು ಆಟದ ಲೋಕದೊಳಗೆ ಸಾಗಿ ಫಲಕವನ್ನು ತಾನೇ ಹುಡುಕಿ ಮುಟ್ಟುತ್ತದೆ. ಈ ಒಂದು ಪರೀಕ್ಷೆ ಗೊತ್ತಿದ್ದರೆ ಯಾವ ಆಟದ ಜಾಹೀರಾತನ್ನೂ ಕಣ್ಣುಮುಚ್ಚಿ ನಂಬಬೇಕಾಗಿಲ್ಲ. 2019ರ ‘ಕಂಟ್ರೋಲ್’ನಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ: ಕಚೇರಿಯ ಗಾಜಿನ ಗೋಡೆಗಳಲ್ಲಿ ಆಚೆ ಬದಿಯ ಕೋಣೆ ಮತ್ತು ಈಚೆ ನಿಂತ ನಾಯಕಿಯ ಬಿಂಬ ಎರಡೂ ಒಟ್ಟಿಗೆ ಮೂಡುತ್ತವೆ.

ಎರಡನೆಯದು ಚಿಮ್ಮಿದ ಬೆಳಕಿನ ಪರೀಕ್ಷೆ. ಬೆಳಕು ಗೋಡೆಗೆ ತಾಗಿ ಅಲ್ಲಿಗೇ ನಿಲ್ಲುವುದಿಲ್ಲ. ಗೋಡೆಯ ಬಣ್ಣವನ್ನು ಹೊತ್ತು ಮುಂದಿನ ವಸ್ತುವಿನ ಮೇಲೆ ಬೀಳುತ್ತದೆ. ಇದನ್ನು ನೋಡಲು ಅತ್ಯಂತ ಸರಳವಾದ ಪ್ರಯೋಗಶಾಲೆಯೆಂದರೆ ವಿಂಡೋಸ್‌ನ ‘ಮೈನ್‌ಕ್ರಾಫ್ಟ್’, ರೇ ಟ್ರೇಸಿಂಗ್‌ಗೆ ತಯಾರಿಸಿದ ರಿಸೋರ್ಸ್ ಪ್ಯಾಕ್‌ನೊಂದಿಗೆ. ಬಿಳಿ ಗೋಡೆಗಳ ಮುಚ್ಚಿದ ಕೋಣೆಯೊಂದನ್ನು ಕಟ್ಟಿ, ಒಂದು ಬದಿಗೆ ಕೆಂಪು ಉಣ್ಣೆಯ ಬ್ಲಾಕುಗಳನ್ನು ಜೋಡಿಸಿ, ಚಾವಣಿಯಲ್ಲಿ ಒಂದೇ ಬ್ಲಾಕಿನಷ್ಟು ತೂತು ಬಿಡಬೇಕು. ಬಿಸಿಲು ಕೆಂಪಿನ ಮೇಲೆ ಬಿದ್ದಾಗ ಎದುರಿನ ಬಿಳಿ ಗೋಡೆ ನಸುಗೆಂಪಾಗುತ್ತದೆ. ಮಕ್ಕಳಿಗೆ ಬೆಳಕಿನ ಪಾಠ ಹೇಳುವವರು ಇದನ್ನು ಬಳಸಿಕೊಳ್ಳಬಹುದು. ಇನ್ನೂ ಆಳಕ್ಕೆ ಹೋಗಬೇಕೆನ್ನುವವರಿಗೆ 2019ರ ‘ಕ್ವೇಕ್ 2 ಆರ್‌ಟಿಎಕ್ಸ್’ ಇದೆ. 1997ರ ಆಟಕ್ಕೆ ಪೂರ್ಣ ಪಾತ್ ಟ್ರೇಸಿಂಗ್ (ನೆರಳು, ಪ್ರತಿಬಿಂಬ, ಚಿಮ್ಮಿದ ಬೆಳಕು ಎಲ್ಲವನ್ನೂ ಕಿರಣಗಳಿಂದಲೇ ಲೆಕ್ಕ ಹಾಕುವ ಕ್ರಮ) ಅಳವಡಿಸಿದ ಆವೃತ್ತಿ ಇದು, ಮೊದಲ ಮೂರು ಹಂತಗಳು ಉಚಿತ. ಇದರಲ್ಲಿ ಹಗಲಿನ ಹೊತ್ತನ್ನು ಬದಲಿಸಬಹುದು, ಹಳೆಯ ಚಿತ್ರಣಕ್ಕೂ ಹೊಸದಕ್ಕೂ ಆಡುತ್ತಲೇ ಜಿಗಿಯಬಹುದು, ಫ್ಲೇರ್ ಗನ್ ಹಾರಿಸಿ ಕತ್ತಲ ಮೂಲೆಗೆ ಉರಿಯುವ ಬೆಳಕನ್ನು ಎಸೆಯಬಹುದು. ಎಲ್ಲಕ್ಕಿಂತ ಹೆಚ್ಚು ಕಲಿಸುವುದು, ಚಿತ್ರದ ಕಾಳುಗಳನ್ನು ನುಣುಪಾಗಿಸುವ ಡಿನಾಯ್ಸರ್ ಅನ್ನು ನಿಲ್ಲಿಸಿ ನೋಡುವುದು: ಕೂಡಲೇ ಇಡೀ ಚಿತ್ರ ರಾಗಿ ಚೆಲ್ಲಿದಂತೆ ಕಾಳುಕಾಳಾಗುತ್ತದೆ. ಒಂದೊಂದು ಪಿಕ್ಸೆಲ್ಲಿಗೆ ಕಳಿಸಲು ಸಾಧ್ಯವಾಗುವ ಕಿರಣಗಳು ಕೆಲವೇ; ಉಳಿದದ್ದನ್ನು ಹಿಂದಿನ ಫ್ರೇಮುಗಳಿಂದಲೂ ನೆರೆಯ ಪಿಕ್ಸೆಲ್ಲುಗಳಿಂದಲೂ ಊಹಿಸಿ ತುಂಬಲಾಗುತ್ತದೆ. ಪಾತ್ ಟ್ರೇಸಿಂಗ್ ಆಟಗಳಲ್ಲಿ ದೀಪ ಆರಿದ ಮೇಲೂ ಗೋಡೆಯ ಹೊಳಪು ಒಂದು ಕ್ಷಣ ತಡವಾಗಿ ಇಳಿಯುವುದು ಕಂಡರೆ, ಕಾರಣ ಈ ಊಹೆಯೇ.

ಕಿರಣಗಳನ್ನು ಹಿಂಬಾಲಿಸಿ ಚಿತ್ರ ಬರೆಯುವ ವಿಧಾನವನ್ನು ಕಂಪ್ಯೂಟರ್ ವಿಜ್ಞಾನಿ ಟರ್ನರ್ ವಿಟ್ಟೆಡ್ 1980ರಲ್ಲಿಯೇ ಪ್ರಕಟಿಸಿದ್ದರು, ಅದನ್ನು ವಿಸ್ತರಿಸುವ ಸಮೀಕರಣವನ್ನು ಜೇಮ್ಸ್ ಕಾಜಿಯ 1986ರಲ್ಲಿ ಕೊಟ್ಟರು. ಕಿರಣವೊಂದು ಆಟದ ಲೋಕವನ್ನು ಕಟ್ಟಿದ ಲಕ್ಷಾಂತರ ತ್ರಿಕೋನಗಳಲ್ಲಿ ಯಾವುದನ್ನು ಮುಟ್ಟುತ್ತದೆ ಎಂದು ಹುಡುಕುವ ಕೆಲಸಕ್ಕೆಂದೇ ಪ್ರತ್ಯೇಕ ಘಟಕಗಳನ್ನು ಹೊತ್ತ, ಎನ್ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡುಗಳ ಆರ್‌ಟಿಎಕ್ಸ್ 20 ಸರಣಿ ಬಂದದ್ದು 2018ರಲ್ಲಿ. ಅಲ್ಲಿಂದ ಐದು ವರ್ಷ ತುಂಬುವ ಮೊದಲೇ, 2023ರ ಏಪ್ರಿಲಿನಲ್ಲಿ, ‘ಸೈಬರ್‌ಪಂಕ್’ನಂಥ ತೆರೆದ ನಗರಕ್ಕೆ ಪಾತ್ ಟ್ರೇಸಿಂಗ್ ಬಂದಿತು.

ಆದರೆ ಕಿರಣಗಳಷ್ಟೇ ಸಾಲದು. ಮೇಲ್ಮೈ ಎಷ್ಟು ಒರಟು, ಅದು ಲೋಹವೋ ಅಲ್ಲವೋ ಎಂಬ ಅಂಕಿಗಳನ್ನು ಕಲಾವಿದರು ಪ್ರತಿಯೊಂದು ವಸ್ತುವಿಗೂ ಕೊಡಬೇಕು. ಅವು ತಪ್ಪಿದರೆ ಎಷ್ಟು ದುಬಾರಿ ಕಾರ್ಡಿದ್ದರೂ ಮರದ ಮೇಜು ಪ್ಲಾಸ್ಟಿಕ್ಕಿನಂತೆಯೇ ಹೊಳೆಯುತ್ತದೆ. ವಿದೇಶದ ದೊಡ್ಡ ಆಟಗಳಿಗೆ ಇಂಥ ಕಲಾಕೆಲಸ ಮಾಡಿಕೊಡುವುದು ಬೆಂಗಳೂರಿಗೆ ಹೊಸದೇನಲ್ಲ: 1997ರಲ್ಲಿ ಇಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಅದೇ ಕೆಲಸದಿಂದ ಹೆಸರು ಮಾಡಿತು, 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಕೊಂಡುಕೊಂಡಿತು. ಆಟದಲ್ಲಿ ಒಮ್ಮೆಯಾದರೂ ಕಥೆಯನ್ನು ಬದಿಗಿಟ್ಟು ಒಂದು ಬಾಗಿಲ ಹಿಡಿಯನ್ನೋ ಟೈರನ್ನೋ ಹತ್ತಿರದಿಂದ ನೋಡುವುದು ಆ ಶ್ರಮಕ್ಕೆ ಸಲ್ಲಬೇಕಾದ ಗೌರವ.

ಭಾರವನ್ನು ಪರೀಕ್ಷಿಸುವುದು

ಗ್ರಾಫಿಕ್ಸ್‌ಗೆ ಸಿಗುವ ಹೊಗಳಿಕೆ ಭೌತಶಾಸ್ತ್ರಕ್ಕೆ ಸಿಗುವುದಿಲ್ಲ, ಏಕೆಂದರೆ ಅದು ಚಿತ್ರದಲ್ಲಿ ಕಾಣುವುದಿಲ್ಲ, ಕೈಗೆ ಮಾತ್ರ ತಿಳಿಯುತ್ತದೆ. ಈ ಲೇಖಕನ ಮಟ್ಟಿಗೆ ಹೆಚ್ಚು ಬೆರಗು ಇರುವುದು ಇಲ್ಲಿಯೇ, ಮತ್ತು ಇಲ್ಲಿ ಹಳೆಯ ಆಟಗಳು ಹೊಸವನ್ನು ಸೋಲಿಸುವ ಸಂದರ್ಭಗಳೂ ಇವೆ.

ಆರಂಭ 2004ರ ‘ಹಾಫ್-ಲೈಫ್ 2’ರಿಂದ ಆಗಲಿ. ಹ್ಯಾವಾಕ್ ಎಂಬ ಭೌತಶಾಸ್ತ್ರದ ಎಂಜಿನ್ನನ್ನು (ವಸ್ತುಗಳ ತೂಕ, ಚಲನೆಗಳ ಲೆಕ್ಕ ಹಾಕುವ ತಂತ್ರಾಂಶ) ಮಾರ್ಪಡಿಸಿ ಬಳಸಿದ ಈ ಆಟದಲ್ಲಿ, ಕಾಲುವೆಯ ಭಾಗದಲ್ಲಿ ಒಂದು ಹಲಗೆ ಏತದಂತೆ ತೂಗಾಡುತ್ತದೆ. ಅದರ ಒಂದು ತುದಿಗೆ ಇಟ್ಟಿಗೆಗಳನ್ನು ಹೊತ್ತು ಹಾಕಿದರೆ ಇನ್ನೊಂದು ತುದಿ ಮೇಲೇರಿ ದಾರಿಯಾಗುತ್ತದೆ. ಕೀಲಿಯಿಲ್ಲ, ಗುಂಡಿಯಿಲ್ಲ, ತೂಕವೇ ಉತ್ತರ. ಮುಂದೆ ವಸ್ತುಗಳನ್ನು ಸೆಳೆದು ಎಸೆಯುವ ಗ್ರ್ಯಾವಿಟಿ ಗನ್ ಕೈಗೆ ಬಂದಾಗ ಕೋಣೆಯ ಪ್ರತಿಯೊಂದು ವಸ್ತುವೂ ಆಯುಧವಾಗುತ್ತದೆ. ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುವ ಈ ಆಟವನ್ನು ಆಡದೆ ಇತ್ತೀಚಿನವುಗಳಿಗೆ ಹಾರುವುದು ಸಲ್ಲದು.

ಒಡೆಯುವ ವಿಷಯಕ್ಕೆ ಬಂದರೆ ಎರಡು ಆಟಗಳನ್ನು ಒಂದರ ಬೆನ್ನಿಗೆ ಒಂದು ಆಡಬೇಕು. ಸ್ವೀಡನ್ನಿನ ಟಕ್ಸೀಡೊ ಲ್ಯಾಬ್ಸ್ ತಯಾರಿಸಿ 2022ರಲ್ಲಿ ಪೂರ್ಣವಾಗಿ ಬಿಡುಗಡೆಯಾದ ‘ಟೇರ್‌ಡೌನ್’ನಲ್ಲಿ ಇಡೀ ಲೋಕ ವಾಕ್ಸೆಲ್ ಎಂಬ ಸಣ್ಣ ಘನಗಳಿಂದ ಕಟ್ಟಲ್ಪಟ್ಟಿದೆ. ಗೋಡೆಯನ್ನು ಎಲ್ಲಿ ಬೇಕಾದರೂ ಕೊರೆಯಬಹುದು, ಕೊರೆದ ತೂತಿನಿಂದ ಬೆಳಕು ಒಳಬರುತ್ತದೆ, ಹೊಗೆ ಹೊರಹೋಗುತ್ತದೆ, ತುಂಡಾದ ಭಾಗ ತನ್ನ ಆಕಾರಕ್ಕೆ ತಕ್ಕಂತೆ ಉರುಳುತ್ತದೆ. ಈಗ ಎರಡು ಮಹಡಿಯ ಮನೆಯೊಂದರ ಕಂಬಗಳನ್ನೆಲ್ಲ ಕಡಿಯುತ್ತಾ ಬಂದು, ಒಂದು ಮೂಲೆಯಲ್ಲಿ ಮಾತ್ರ ತೆಳುವಾದ ಕೊಂಡಿ ಉಳಿಸಿ ನೋಡಿ. ಮನೆ ಬೀಳುವುದಿಲ್ಲ. ನೆಲದೊಂದಿಗೆ ಒಂದು ಘನದ ಸಂಪರ್ಕ ಉಳಿದಿದ್ದರೂ ಆಟಕ್ಕೆ ಅದು ಗಟ್ಟಿಯಾಗಿ ನಿಂತ ಕಟ್ಟಡವೇ. ಇದಾದ ಮೇಲೆ 2009ರ ‘ರೆಡ್ ಫ್ಯಾಕ್ಷನ್: ಗೆರಿಲ್ಲಾ’ವನ್ನು ತೆರೆದು, ಮಂಗಳ ಗ್ರಹದ ಕಟ್ಟಡವೊಂದರ ಆಧಾರಗಳನ್ನು ದೊಡ್ಡ ಸುತ್ತಿಗೆಯಿಂದ ಒಂದೊಂದಾಗಿ ಮುರಿಯಬೇಕು. ಉಳಿದ ಆಧಾರಗಳ ಮೇಲೆ ಹೊರೆ ಹೆಚ್ಚಾಗಿ, ತಾಳಲಾರದ ಘಳಿಗೆಯಲ್ಲಿ ಕಟ್ಟಡ ತಾನಾಗಿ ಕುಸಿಯುತ್ತದೆ. ಒಳಗೆ ನಿಂತಿದ್ದರೆ ಆಟಗಾರನ ಕಥೆಯೂ ಮುಗಿಯುತ್ತದೆ. ಮೊದಲನೆಯದರಲ್ಲಿ ಇಲ್ಲದ ಒತ್ತಡದ ಲೆಕ್ಕ ಎರಡನೆಯದರಲ್ಲಿದೆ, ಎರಡನೆಯದರಲ್ಲಿ ಇಲ್ಲದ ಸೂಕ್ಷ್ಮತೆ ಮೊದಲನೆಯದರಲ್ಲಿದೆ. ಹದಿಮೂರು ವರ್ಷ ಹೊಸದಾದ ಆಟವೇ ಎಲ್ಲದರಲ್ಲೂ ಮೇಲೆಂದು ತಿಳಿಯಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗದು.

ವಾಹನಗಳನ್ನು ಇಷ್ಟಪಡುವವರು ‘ಬೀಮ್‌ಎನ್‌ಜಿ.ಡ್ರೈವ್’ ಆಡಲೇಬೇಕು. ಹೆಚ್ಚಿನ ಕಾರಿನ ಆಟಗಳಲ್ಲಿ ಕಾರು ಒಂದು ಗಟ್ಟಿ ಪೆಟ್ಟಿಗೆ, ಗುದ್ದಿದಾಗ ಮೊದಲೇ ತಯಾರಿಸಿಟ್ಟ ಜಜ್ಜಿದ ಆಕಾರ ಮೂಡುತ್ತದೆ. ಇಲ್ಲಿ ಕಾರು ಎಂದರೆ ಬಿಂದುಗಳು ಮತ್ತು ಅವನ್ನು ಬಿಗಿದ ಕಂಬಿಗಳ ಜಾಲ. ಆ ಜಾಲದ ಲೆಕ್ಕ ಸೆಕೆಂಡಿಗೆ 2000 ಸಲ ನಡೆಯುತ್ತದೆ. ವೇಗವನ್ನು ನಿಧಾನಗತಿಗೆ ಇಳಿಸಿ, ಕಾರನ್ನು ಕಂಬಕ್ಕೆ ಓರೆಯಾಗಿ ಗುದ್ದಿಸಿ, ಚಕ್ರದ ಅಚ್ಚು ಬಾಗುವುದನ್ನು ನೋಡಬೇಕು. ಗುದ್ದಿದ ಮೇಲೂ ಕಾರು ಓಡಿದರೆ ಸ್ಟೀರಿಂಗ್ ಒಂದು ಬದಿಗೆ ಎಳೆಯುತ್ತದೆ, ಏಕೆಂದರೆ ಅಚ್ಚು ಸೊಟ್ಟಗಾಗಿರುತ್ತದೆ. ಪ್ರತಿಯೊಂದು ಕಾರೂ ಪ್ರೊಸೆಸರಿಗೆ ಬೇರೆಯೇ ಹೊರೆಯಾದ್ದರಿಂದ, ರಸ್ತೆಯ ಮೇಲೆ ಹತ್ತು ಕಾರು ಬೇಕೆನ್ನುವವರು ಗ್ರಾಫಿಕ್ಸ್ ಕಾರ್ಡಿಗಿಂತ ಹೆಚ್ಚು ಕೋರ್‌ಗಳಿರುವ ಪ್ರೊಸೆಸರಿಗೆ ಹಣ ಹಾಕುವುದು ಒಳಿತು.

ಚಿಕ್ಕ ಚಿತ್ರಗಳ ‘ನೊಯಿಟಾ’ವನ್ನು ನೋಟ ಕಂಡು ಕಡೆಗಣಿಸಬಾರದು. ಫಿನ್ಲೆಂಡಿನ ನೊಲ್ಲಾ ಗೇಮ್ಸ್‌ನ ಈ ಆಟದಲ್ಲಿ ಒಂದೊಂದು ಪಿಕ್ಸೆಲ್ಲೂ ಒಂದು ದ್ರವ್ಯ: ಎಣ್ಣೆ ಉರಿಯುತ್ತದೆ, ಬೆಂಕಿ ಮರದ ತೊಲೆಯನ್ನು ತಿನ್ನುತ್ತದೆ, ಲಾವಾ ನೀರಿಗೆ ಸೇರಿದರೆ ಆವಿ ಎದ್ದು ಕಲ್ಲಾಗುತ್ತದೆ. ಇದೇ ಗುಣ ಬೇರೆ ರೂಪದಲ್ಲಿ 2023ರ ‘ದಿ ಲೆಜೆಂಡ್ ಆಫ್ ಜೆಲ್ಡಾ: ಟಿಯರ್ಸ್ ಆಫ್ ದಿ ಕಿಂಗ್‌ಡಮ್’ನಲ್ಲಿದೆ: ಕೈಯಲ್ಲಿ ಹಿಡಿಯುವ, ಅಷ್ಟೇನೂ ಶಕ್ತಿಯಿಲ್ಲದ ಯಂತ್ರದಲ್ಲಿ, ಆಟಗಾರ ಅಂಟಿಸಿ ಕಟ್ಟಿದ ಯಾವ ವಿಚಿತ್ರ ಬಂಡಿಯೂ ತನ್ನ ತೂಕ ಮತ್ತು ಚಕ್ರಗಳ ನಿಯಮದಂತೆಯೇ ಚಲಿಸುತ್ತದೆ. ಹಲವರು ಕೂಡಿ ಆಡುವ ‘ದಿ ಫೈನಲ್ಸ್’ನಲ್ಲಿ ಕಟ್ಟಡ ಒಡೆಯುವ ಲೆಕ್ಕ ಸರ್ವರಿನಲ್ಲೇ ನಡೆಯುವುದರಿಂದ ಎಲ್ಲರಿಗೂ ಒಂದೇ ಕುಸಿತ ಕಾಣುತ್ತದೆ, ಅದು ಉಚಿತ ಆಟ, ಪ್ರಯತ್ನಿಸಿ ನೋಡಬಹುದು.

ಬೆಂಗಳೂರಿನವರಿಗೆ ವಿಶೇಷವಾಗಿ ಸೂಚಿಸಬೇಕಾದದ್ದು, ರಾಕೆಟ್ ಕಟ್ಟಿ ಹಾರಿಸುವ ಆಟವಾದ ‘ಕೆರ್ಬಲ್ ಸ್ಪೇಸ್ ಪ್ರೋಗ್ರಾಂ’. 2023ರಲ್ಲಿ ಚಂದ್ರಯಾನ-3 ನೇರವಾಗಿ ಚಂದ್ರನತ್ತ ಹೋಗದೆ, ನೌಕೆಗಳ ಮೇಲೆ ನಿಗಾ ಇಡುವ, ಇಸ್ರೋದ ಬೆಂಗಳೂರಿನ ಇಸ್ಟ್ರ್ಯಾಕ್ ಕೇಂದ್ರದಿಂದ ಬಂದ ಆದೇಶಗಳಂತೆ ಭೂಮಿಯ ಸುತ್ತ ಕಕ್ಷೆಯನ್ನು ಹಂತಹಂತವಾಗಿ ಎತ್ತರಿಸಿಕೊಂಡು, ಆಗಸ್ಟ್ 1ರಂದು ಚಂದ್ರನ ದಾರಿ ಹಿಡಿಯಿತು. ಅದೇ ಕ್ರಮವನ್ನು ಈ ಆಟದಲ್ಲಿ ಅನುಸರಿಸಬಹುದು: ಸಣ್ಣ ಎಂಜಿನ್ನಿನ ನೌಕೆಯೊಂದನ್ನು ಕಕ್ಷೆಗೆ ಸೇರಿಸಿ, ಪ್ರತಿ ಸುತ್ತಿನಲ್ಲೂ ಅದು ಗ್ರಹಕ್ಕೆ ಅತಿ ಹತ್ತಿರ ಬಂದಾಗ ಮಾತ್ರ ಎಂಜಿನ್ ಉರಿಸಿದರೆ, ಕಕ್ಷೆಯ ದೂರದ ತುದಿ ಮೇಲೇರುತ್ತಾ ಹೋಗುವುದು ಕಾಣುತ್ತದೆ. ಒಂದು ಸಮಯಕ್ಕೆ ಒಂದೇ ಕಾಯದ ಗುರುತ್ವವನ್ನು ಲೆಕ್ಕ ಹಾಕುವುದು ಈ ಆಟದ ಸರಳೀಕರಣ. ಆದ್ದರಿಂದ ಇಸ್ರೋದ ಸೂರ್ಯವೀಕ್ಷಣಾ ನೌಕೆ ಆದಿತ್ಯ-ಎಲ್1 ನೆಲೆಸಿರುವಂಥ, ಎರಡು ಕಾಯಗಳ ಗುರುತ್ವ ಸೇರಿ ಉಂಟಾಗುವ ಲಗ್ರಾಂಜ್ ಬಿಂದು ಇದರಲ್ಲಿ ಇಲ್ಲ.

ಯಂತ್ರ ಮತ್ತು ಕೋಣೆ

ಖರ್ಚು ಮಾಡುವ ಮೊದಲು, ಗಂಟೆಯ ಲೆಕ್ಕದಲ್ಲಿ ಬಾಡಿಗೆ ಪಡೆಯುವ ಗೇಮಿಂಗ್ ಕೆಫೆಯೊಂದಕ್ಕೆ ಹೋಗಿ ಮೇಲಿನ ಬೆಳಕಿನ ಪರೀಕ್ಷೆಗಳನ್ನು ಮಾಡಿ ನೋಡುವುದು ಜಾಣತನ. ವ್ಯತ್ಯಾಸ ಕಣ್ಣಿಗೆ ಹಿಡಿಸದಿದ್ದರೆ ದುಬಾರಿ ಕಾರ್ಡು ಬೇಕಾಗಿಯೇ ಇಲ್ಲ. ಕೊಳ್ಳುವುದೆಂದು ನಿರ್ಧರಿಸಿದವರು ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿನಲ್ಲಿ ಒಂದೇ ಅಂಗಡಿಯ ಬೆಲೆಗೆ ಒಪ್ಪದೆ ನಾಲ್ಕು ಕಡೆ ವಿಚಾರಿಸಬೇಕು, ಮತ್ತು ಎಷ್ಟೇ ರಿಯಾಯಿತಿ ಕೊಟ್ಟರೂ ಸೀರಿಯಲ್ ನಂಬರ್ ನಮೂದಿಸಿದ ಜಿಎಸ್‌ಟಿ ಬಿಲ್ಲಿಲ್ಲದೆ ಕಾರ್ಡನ್ನು ಮನೆಗೆ ತರಬಾರದು; ಮುಂದೆ ವಾರಂಟಿ ಕೇಳುವಾಗ ಆ ಕಾಗದವೇ ಬೇಕಾಗುತ್ತದೆ. ಬಳಸಿದ ಕಾರ್ಡಾದರೆ ಅಂಗಡಿಯಲ್ಲೇ ಕಾಲು ಗಂಟೆ ಬೆಂಚ್‌ಮಾರ್ಕ್ (ಯಂತ್ರದ ಸಾಮರ್ಥ್ಯ ಅಳೆಯುವ ತಂತ್ರಾಂಶ) ಓಡಿಸಿ, ಪರದೆಯಲ್ಲಿ ಬಣ್ಣದ ಚುಕ್ಕೆಗಳು ಮೂಡುತ್ತವೆಯೇ, ಫ್ಯಾನು ಕಿರುಗುಟ್ಟುತ್ತದೆಯೇ ಎಂದು ನೋಡಿಕೊಳ್ಳಬೇಕು. ಹೊಸ ಆಟಗಳಲ್ಲಿ ಕೆಲವಕ್ಕೆ ರೇ ಟ್ರೇಸಿಂಗ್ ಇಲ್ಲದ ದಾರಿಯೇ ಇಲ್ಲ: 2024ರ ‘ಇಂಡಿಯಾನಾ ಜೋನ್ಸ್ ಅಂಡ್ ದಿ ಗ್ರೇಟ್ ಸರ್ಕಲ್’ ಮತ್ತು 2025ರ ‘ಡೂಮ್: ದಿ ಡಾರ್ಕ್ ಏಜಸ್’ ಎರಡಕ್ಕೂ ಅದಕ್ಕೆ ಬೇಕಾದ ಘಟಕಗಳುಳ್ಳ ಕಾರ್ಡು ಕಡ್ಡಾಯ.

ಲ್ಯಾಪ್‌ಟಾಪ್ ಕೊಳ್ಳುವವರು ಕಾರ್ಡಿನ ಹೆಸರಿನ ಜೊತೆಗೆ ಅದಕ್ಕೆ ಸಿಗುವ ವಾಟ್ ಎಷ್ಟೆಂದು ಕೇಳಬೇಕು. ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನ ಲ್ಯಾಪ್‌ಟಾಪ್ ಚಿಪ್ಪು 35 ವಾಟ್‌ನಿಂದ 115 ವಾಟ್‌ವರೆಗೆ ಬೇರೆ ಬೇರೆ ಮಿತಿಯಲ್ಲಿ ಬರುತ್ತದೆ, ಕೆಳಗಿನ ತುದಿಯದಕ್ಕೂ ಮೇಲಿನದಕ್ಕೂ ಅಜಗಜಾಂತರ. ಕರೆಂಟ್ ಹೋಗುವ ಬಡಾವಣೆಗಳಲ್ಲಿ ಡೆಸ್ಕ್‌ಟಾಪ್ ಇಡುವವರಿಗೆ ಯುಪಿಎಸ್ ಬೇಕೇಬೇಕು. ಮನೆಯ ಇನ್ವರ್ಟರನ್ನೇ ನೆಚ್ಚುವುದಾದರೆ ಅದನ್ನು ಯುಪಿಎಸ್ ಮೋಡ್‌ನಲ್ಲಿ ಇಟ್ಟಿರಬೇಕು, ಇಲ್ಲದಿದ್ದರೆ ಬದಲಾಗುವ ಕ್ಷಣದಲ್ಲಿ ಕಂಪ್ಯೂಟರ್ ಆರಿಹೋಗಬಹುದು. ರಸ್ತೆ ಅಗೆತ ನಡೆಯುವ ಕಡೆ ಕ್ಯಾಬಿನೆಟ್ಟಿನ ಧೂಳಿನ ಜಾಲರಿಯನ್ನು ಆಗಾಗ ತೊಳೆಯಬೇಕು.

ಸೆಟ್ಟಿಂಗ್ಸ್‌ನ ಕ್ರಮ

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ ಮೇಲೆ ಅದೇ ಜಾಗಕ್ಕೆ ಮರಳಿ ನೋಡಬೇಕು. ‘ಸೈಬರ್‌ಪಂಕ್’ನಲ್ಲಿ ಬೆಂಚ್‌ಮಾರ್ಕ್ ಒಳಗೇ ಇದೆ, ‘ಬ್ಲ್ಯಾಕ್ ಮಿತ್: ವುಕಾಂಗ್’ನ ಬೆಂಚ್‌ಮಾರ್ಕ್ ಬೇರೆಯಾಗಿ ಉಚಿತವಾಗಿ ಸಿಗುತ್ತದೆ. ಮೊದಲು ಮಾನಿಟರಿನ ಪೂರ್ಣ ರೆಸಲ್ಯೂಷನ್ನಿನಲ್ಲಿ ರೇ ಟ್ರೇಸಿಂಗ್ ಇಲ್ಲದೆ ಓಡಿಸಿ ಫ್ರೇಮುಗಳ ಸಂಖ್ಯೆ ಬರೆದಿಟ್ಟುಕೊಳ್ಳಿ. ಆಮೇಲೆ ಪ್ರತಿಬಿಂಬ, ನಂತರ ನೆರಳು, ಕೊನೆಗೆ ಚಿಮ್ಮಿದ ಬೆಳಕು ಎಂದು ಒಂದೊಂದನ್ನೇ ಹಚ್ಚಿರಿ. ನೆರಳಿಗೆ ರೇ ಟ್ರೇಸಿಂಗ್ ಹಚ್ಚಿ ಫ್ರೇಮು ಕಳೆದುಕೊಳ್ಳುವುದು ಅನೇಕ ಆಟಗಳಲ್ಲಿ ದಂಡ. ಚಿಮ್ಮಿದ ಬೆಳಕಿಗೆ ಕೊಟ್ಟ ಫ್ರೇಮು ಮಾತ್ರ ಬಹುಮಟ್ಟಿಗೆ ಸಾರ್ಥಕ.

ಫ್ರೇಮು ಸಾಲದೆ ಬಂದಾಗ, ಚಿಕ್ಕದಾಗಿ ಬರೆದ ಚಿತ್ರವನ್ನು ಹಿಗ್ಗಿಸುವ ಅಪ್‌ಸ್ಕೇಲಿಂಗ್ ನೆರವಿಗೆ ಬರುತ್ತದೆ. ಅದರ ಒಂದು ಬಗೆಯಾದ, ಎನ್ವಿಡಿಯಾದ ಡಿಎಲ್‌ಎಸ್‌ಎಸ್‌ನ ‘ಕ್ವಾಲಿಟಿ’ ಕ್ರಮದಲ್ಲಿ 4ಕೆ ಚಿತ್ರವನ್ನು 1440ಪಿಯಲ್ಲಿಯೂ ‘ಪರ್ಫಾರ್ಮೆನ್ಸ್’ ಕ್ರಮದಲ್ಲಿ 1080ಪಿಯಲ್ಲಿಯೂ ಬರೆದು ಹಿಗ್ಗಿಸಲಾಗುತ್ತದೆ. 1080ಪಿ ಮಾನಿಟರಿನಲ್ಲಿ ‘ಕ್ವಾಲಿಟಿ’ ಎಂದರೆ ಒಳಗೆ 720ಪಿ ಮಾತ್ರ, ಹಾಗಾಗಿ ಚಿಕ್ಕ ಮಾನಿಟರಿನವರು ಇದಕ್ಕಿಂತ ಕೆಳಗಿಳಿಯದಿರುವುದು ಮೇಲು. ಫ್ರೇಮ್ ಜನರೇಷನ್ ಬೇರೆಯೇ ವಿಷಯ: ಅದು ನಡುವೆ ಹೊಸ ಫ್ರೇಮುಗಳನ್ನು ಸೇರಿಸಿ ಚಲನೆಯನ್ನು ನುಣುಪಾಗಿಸುತ್ತದೆ, ಆದರೆ ಆಟ ನಿಮ್ಮ ಕೈಗೆ ಸ್ಪಂದಿಸುವ ವೇಗವನ್ನು ಹೆಚ್ಚಿಸುವುದಿಲ್ಲ. ಮೂಲ 30 ಫ್ರೇಮನ್ನು 60 ಮಾಡಿದರೆ ಕಣ್ಣಿಗೆ 60, ಮೌಸಿಗೆ 30. ಮೂಲವೇ 60ರ ಹತ್ತಿರ ಇದ್ದಾಗ ಮಾತ್ರ ಅದನ್ನು ಬಳಸಬೇಕು. ಇನ್ನು ಹತ್ತು ಹದಿನೈದು ನಿಮಿಷ ಸರಾಗವಾಗಿ ಓಡಿ ಆಮೇಲೆ ತಡವರಿಸುವ, ಗೋಡೆಗಳ ಚಿತ್ರ ಮಸುಕಾಗುವ ಆಟದಲ್ಲಿ ಹೆಚ್ಚಾಗಿ ಕಾರ್ಡಿನ ಮೆಮೊರಿ ತುಂಬಿರುತ್ತದೆ; ಮೊದಲು ಇಳಿಸಬೇಕಾದದ್ದು ಟೆಕ್ಸ್ಚರ್ (ಮೇಲ್ಮೈಗಳ ಚಿತ್ರ) ಗುಣಮಟ್ಟ, ರೇ ಟ್ರೇಸಿಂಗ್ ಅಲ್ಲ.

ರೇ ಟ್ರೇಸಿಂಗ್ ಘಟಕಗಳೇ ಇಲ್ಲದ ಕಾರ್ಡು ಹೊಂದಿರುವವರು ಕಾಯುತ್ತಾ ಕೂರಬೇಕಾಗಿಲ್ಲ. ‘ಟೇರ್‌ಡೌನ್’ ತನ್ನ ವಾಕ್ಸೆಲ್ಲುಗಳ ಮೂಲಕ ಕಿರಣಗಳನ್ನು ಹಾಯಿಸುವ ಕೆಲಸವನ್ನು ಸಾಮಾನ್ಯ ಗ್ರಾಫಿಕ್ಸ್ ಕಾರ್ಡಿನಲ್ಲೇ ಮಾಡುತ್ತದೆ, ಆಟ ಕಟ್ಟಲು ಬಳಸುವ ತಂತ್ರಾಂಶ ಅನ್‌ರಿಯಲ್ ಎಂಜಿನ್ 5ರ ಲ್ಯೂಮೆನ್ ಎಂಬ ಬೆಳಕಿನ ವ್ಯವಸ್ಥೆಗೂ ಅಂಥ ಘಟಕಗಳಿಲ್ಲದೆ ನಡೆಯುವ ಒಂದು ಕ್ರಮ ಇದೆ, ‘ನೊಯಿಟಾ’ಕ್ಕೂ ‘ಹಾಫ್-ಲೈಫ್ 2’ಕ್ಕೂ ಸಾಧಾರಣ ಯಂತ್ರ ಸಾಕು. ಕಾಲುವೆಯ ಹಲಗೆಯಿಂದ ತೊಡಗಿ, ‘ನೊಯಿಟಾ’ದ ಬೆಂಕಿಯನ್ನು ಹಾದು, ‘ಟೇರ್‌ಡೌನ್’ನ ಒಂದು ಮನೆಯನ್ನು ಕೆಡವುವವರೆಗೆ ಇದೇ ಕ್ರಮದಲ್ಲಿ ಆಡಿದವರಿಗೆ, ಹೊಸ ಕಾರ್ಡಿನಿಂದ ತಮಗೆ ಬೇಕಾದದ್ದು ಏನು ಎಂಬುದು ಎಸ್.ಪಿ. ರೋಡಿಗೆ ಕಾಲಿಡುವ ಮೊದಲೇ ಗೊತ್ತಿರುತ್ತದೆ.